ಊರಿ ನಿಂತ ಕ್ಯಾಮೆರಾ, ಹಾರುವ ಕ್ಯಾಮೆರಾ

ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಬ್ರಿಟಿಷ್ ಸೇನಾಧಿಕಾರಿ 1856ರಲ್ಲಿ ಹಂಪಿಯ ಚಿತ್ರಗಳನ್ನು ತೆಗೆದ. ಮೇಣ ಹಿಡಿಸಿದ ಕಾಗದವೇ ಅವನ ನೆಗೆಟಿವ್. ಒಂದೊಂದೂ ಹೆಚ್ಚುಕಡಿಮೆ ಒಂದು ಮೊಳ ಅಗಲ. ಆ ಕಾಗದದ ಮೇಲೆ ಬೆಳಕು ಅಚ್ಚಾಗಲು ಬಹಳ ಹೊತ್ತು ಹಿಡಿಯುತ್ತಿತ್ತು, ಅಷ್ಟು ಹೊತ್ತೂ ಕ್ಯಾಮೆರಾ ಕದಲುವಂತಿರಲಿಲ್ಲ. ಮರೆಯಾಗಿದ್ದ ಆ ನೆಗೆಟಿವ್‌ಗಳು 1980ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಸಿಕ್ಕವು. ಆಮೇಲೆ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಹಂಪಿಗೆ ಬಂದು, ಗ್ರೀನ್‌ಲಾ ನಿಂತ ಜಾಗಗಳನ್ನು ಹುಡುಕಿ, ಅಲ್ಲೇ ನಿಂತು ಅವೇ ದೃಶ್ಯಗಳನ್ನು ಮತ್ತೆ ತೆಗೆದರು. ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟರೆ ಯಾವ ಗೋಪುರ ಕುಸಿಯಿತು, ಯಾವ ಮಂಟಪದ ಮೇಲೆ ಬೆಳೆದಿದ್ದ ಗಿಡ ಹೋಯಿತು, ಎಲ್ಲಿ ಹೊಸ ಕಲ್ಲು ಸೇರಿತು ಎಂಬುದೆಲ್ಲ ಕಣ್ಣಿಗೆ ಬೀಳುತ್ತದೆ. ನೂರಿಪ್ಪತ್ತಕ್ಕೂ ಹೆಚ್ಚು ವರ್ಷಗಳ ಅಂತರದ ಆ ಎರಡು ಕ್ಯಾಮೆರಾಗಳಲ್ಲಿ ಒಂದು ಬಿಡಿಭಾಗವೂ ಸಮಾನವಿಲ್ಲ. ನಿಂತ ಜಾಗ ಮಾತ್ರ ಒಂದೇ.

ಭೂದೃಶ್ಯ ಛಾಯಾಗ್ರಹಣಕ್ಕೆ ಏನೇನು ಬೇಕು ಎಂಬ ಪ್ರಶ್ನೆಯನ್ನು ನಾನು ಈ ‘ನಿಲ್ಲುವ ಜಾಗ’ದಿಂದಲೇ ನೋಡಲು ಬಯಸುತ್ತೇನೆ. ಕೊಳ್ಳುವ ಪ್ರತಿ ವಸ್ತುವೂ ಒಂದು ಜಾಗದಲ್ಲಿ ಸರಿಯಾದ ಹೊತ್ತಿಗೆ ನಿಲ್ಲಲು ನೆರವಾಗಬೇಕು. ಡ್ರೋನ್ ಕೂಡ ಈ ಲೆಕ್ಕಕ್ಕೆ ಹೊರತಲ್ಲ, ಅದು ಗಾಳಿಯಲ್ಲಿ ನಿಲ್ಲುವ ಜಾಗ ಹುಡುಕುವ ಸಾಧನ. ಆದರೆ ನೆಲದ ಮೇಲೆ ನಾವು ತಪ್ಪಾದ ಜಾಗದಲ್ಲಿ ನಿಂತರೆ ಪೆಟ್ಟು ಬೀಳುವುದು ನಮಗೆ, ಡ್ರೋನು ತಪ್ಪಾದ ಜಾಗದಲ್ಲಿದ್ದರೆ ಬೇರೆಯವರಿಗೆ. ಹಾಗಾಗಿ ಈ ಬರಹದ ಅರ್ಧಕ್ಕೂ ಹೆಚ್ಚು ಪಾಲು ಅದಕ್ಕೇ ಹೋಗುತ್ತದೆ.

ಮೊದಲು ನೆಲದ ಮಾತು. ಹೊಸಬರು ಕೇಳುವ ಮೊದಲ ಪ್ರಶ್ನೆ ಕ್ಯಾಮೆರಾದ ಬಾಡಿಯ ಬಗ್ಗೆ. ಅದಕ್ಕೆ ಕೊನೆಯಲ್ಲಿ ಉತ್ತರಿಸಿದರೂ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಟ್ಟ ಓಡಿಹೋಗುವುದಿಲ್ಲ, ಸೆಕೆಂಡಿಗೆ ಇಪ್ಪತ್ತು ಫ್ರೇಮು, ಕಣ್ಣನ್ನು ಹಿಂಬಾಲಿಸುವ ಆಟೋಫೋಕಸ್ ಭೂದೃಶ್ಯಕ್ಕೆ ಬೇಕಿಲ್ಲ. ಕಡಿಮೆ ಐಎಸ್‌ಒದಲ್ಲಿ ನೆರಳು ಬೆಳಕು ಎರಡನ್ನೂ ಹಿಡಿಯುವ, ರಾ ಫೈಲ್ ಕೊಡುವ ಯಾವ ಕ್ಯಾಮೆರಾವಾದರೂ ಆದೀತು. ಹತ್ತು ವರ್ಷದ ಹಿಂದಿನ ಎಪಿಎಸ್-ಸಿ ಸೆನ್ಸರಿನ ಸೆಕೆಂಡ್ ಹ್ಯಾಂಡ್ ಬಾಡಿಯಲ್ಲಿ ತೆಗೆದ ಚಿತ್ರವನ್ನು ಎರಡಡಿ ಅಗಲಕ್ಕೆ ಮುದ್ರಿಸಿ ಗೋಡೆಗೆ ಹಾಕಬಹುದು. ಉಳಿದ ಹಣ ಟ್ರೈಪಾಡ್‌ಗೆ ಹೋಗಲಿ.

ಟ್ರೈಪಾಡ್ ಕೊಳ್ಳುವಾಗ ಜಿಪುಣತನ ಮಾಡಿದವರು ಸಾಮಾನ್ಯವಾಗಿ ಎರಡು ಸಲ ಕೊಳ್ಳುತ್ತಾರೆ. ಕೈಯಲ್ಲಿ ಹಿಡಿದರೆ ಹಗುರ, ಗಾಳಿಗೆ ನಿಲ್ಲಿಸಿದರೆ ನಡುಗುವ ಮೂರು ಕಾಲುಗಳಿಂದ ಪ್ರಯೋಜನವಿಲ್ಲ. ಕಾರ್ಬನ್ ಫೈಬರಿನದು ಹಗುರ, ಕಂಪನವನ್ನೂ ಬೇಗ ಹೀರುತ್ತದೆ. ಅಲ್ಯೂಮಿನಿಯಂ ಭಾರವಾದರೂ ಬೆಲೆ ಕಡಿಮೆ. ನಡುಗಂಬವನ್ನು ಎತ್ತದೆಯೇ ಕಣ್ಣಿನ ಮಟ್ಟಕ್ಕೆ ಬರಬೇಕು, ಏಕೆಂದರೆ ಕಂಬ ಎತ್ತಿದ ಕೂಡಲೇ ಅದು ಒಂಟಿಕಾಲಿನದಾಗುತ್ತದೆ. ಗಾಳಿಯಿದ್ದರೆ ಬ್ಯಾಗನ್ನು ಕಂಬದ ಕೊಕ್ಕೆಗೆ ನೇತುಹಾಕಿ, ಆದರೆ ತೂಗಾಡಲು ಬಿಡಬೇಡಿ. ನೆಲಕ್ಕೆ ಸ್ವಲ್ಪ ತಾಗುವಂತಿರಲಿ. ಕರಾವಳಿಯ ಮರಳಿನಲ್ಲಿ ನಿಲ್ಲಿಸಿದ ಟ್ರೈಪಾಡನ್ನು ಅಂದೇ ಸಿಹಿನೀರಿನಲ್ಲಿ ತೊಳೆಯದಿದ್ದರೆ ಉಪ್ಪು ಕೀಲುಗಳನ್ನು ತಿಂದುಬಿಡುತ್ತದೆ. ಇನ್ನೊಂದು ಎಚ್ಚರ: ಏಪ್ರಿಲ್–ಮೇ ತಿಂಗಳ ಸಂಜೆಯ ಗುಡುಗುಮಳೆಯಲ್ಲಿ ಬೋಳುಬೆಟ್ಟದ ನೆತ್ತಿಯ ಮೇಲೆ ಟ್ರೈಪಾಡ್ ಬಿಡಿಸಿಕೊಂಡು ನಿಲ್ಲುವುದು ಸಿಡಿಲನ್ನು ಕರೆದಂತೆ. ಮುಳ್ಳಯ್ಯನಗಿರಿಯಂಥ 1,930 ಮೀಟರಿನ ಶಿಖರದಲ್ಲಿ ಮೋಡ ಕಪ್ಪಿಟ್ಟಿತೆಂದರೆ ಚಿತ್ರ ಬಿಟ್ಟು ಇಳಿಯಬೇಕು.

ಲೆನ್ಸ್ ಎಂದರೆ ವೈಡ್ ಎಂಬ ನಂಬಿಕೆ ಬಲವಾಗಿದೆ. ಹಂಪಿಯ ಬಂಡೆರಾಶಿಯಲ್ಲಿ, ಬಾದಾಮಿಯ ಕೆಂಪು ಮರಳುಗಲ್ಲಿನ ಕೆಳಗೆ ಅದು ನಿಜ. ಕಾಲಬುಡದ ಬಂಡೆಯಿಂದ ದೂರದ ಗೋಪುರದವರೆಗೆ ಎಲ್ಲವೂ ಸ್ಪಷ್ಟ ಬೇಕು. 24 ಮಿ.ಮೀ. ಲೆನ್ಸನ್ನು ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಎಫ್‌/11ಕ್ಕೆ ಇಟ್ಟು, ಸುಮಾರು 1.8 ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ 90 ಸೆಂಟಿಮೀಟರಿನಿಂದ ದಿಗಂತದವರೆಗೆ ಒಪ್ಪುವಷ್ಟು ಚೊಕ್ಕವಾಗಿ ಬರುತ್ತದೆ. ಎಫ್‌/22ಕ್ಕೆ ಹೋದರೆ ಇನ್ನೂ ಚೊಕ್ಕವಾಗುತ್ತದೆ ಎಂದುಕೊಳ್ಳುವುದು ತಪ್ಪು. ಕಿರಿದಾದ ರಂಧ್ರದ ಅಂಚಿನಲ್ಲಿ ಬೆಳಕು ಬಾಗಿ ಇಡೀ ಚಿತ್ರವೇ ಮೆತ್ತಗಾಗುತ್ತದೆ. ಪಶ್ಚಿಮಘಟ್ಟಕ್ಕೆ ಬಂದರೆ ಕಥೆ ಬೇರೆ. ಅಲ್ಲಿ ವೈಡ್ ಲೆನ್ಸಿನಲ್ಲಿ ಬೆಟ್ಟಗಳೆಲ್ಲ ಕುಗ್ಗಿ, ಖಾಲಿ ಆಕಾಶ ದೊಡ್ಡದಾಗಿ ಕೂರುತ್ತದೆ. ಮಂಜಿನ ನಡುವೆ ಒಂದರ ಹಿಂದೊಂದು ಏಳುವ ಗುಡ್ಡದ ಸಾಲನ್ನು ಹಿಡಿಯಬೇಕಾದರೆ 70–200 ಅಥವಾ 70–300 ಮಿ.ಮೀ. ಟೆಲಿ ಲೆನ್ಸ್ ಬೇಕು. ಚಿಕ್ಕಮಗಳೂರು, ಸಕಲೇಶಪುರದ ಕಡೆ ಒಂದೇ ಲೆನ್ಸ್ ಒಯ್ಯುವುದಾದರೆ ನಾನು ಟೆಲಿಯನ್ನೇ ಆರಿಸಿಕೊಳ್ಳುತ್ತೇನೆ.

ಫಿಲ್ಟರುಗಳಲ್ಲಿ ಹಲವನ್ನು ಈಗ ಕಂಪ್ಯೂಟರಿನಲ್ಲಿ ಮಾಡಿಕೊಳ್ಳಬಹುದು. ಆಕಾಶಕ್ಕೊಂದು, ನೆಲಕ್ಕೊಂದು ಎಕ್ಸ್‌ಪೋಷರ್ ತೆಗೆದು ಸೇರಿಸುವವರಿಗೆ ಅರ್ಧ ಕಪ್ಪಿನ ಗ್ರಾಜುಯೇಟೆಡ್ ಫಿಲ್ಟರ್ ಬೇಕಿಲ್ಲ. ಆದರೆ ಪೋಲರೈಸರ್ ಮಾಡುವ ಕೆಲಸವನ್ನು ಯಾವ ಸಾಫ್ಟ್‌ವೇರೂ ಮಾಡಲಾರದು. ಮಳೆಗಾಲದ ಮಲೆನಾಡಿನಲ್ಲಿ ಪ್ರತಿ ಎಲೆಯ ಮೇಲೂ ನೀರಿನ ಪೊರೆಯಿರುತ್ತದೆ, ಬಿಳಿ ಆಕಾಶ ಆ ಪೊರೆಯಲ್ಲಿ ಹೊಳೆದು ಹಸಿರನ್ನು ಮುಚ್ಚಿಬಿಡುತ್ತದೆ. ಪೋಲರೈಸರನ್ನು ಒಂದು ಸುತ್ತು ತಿರುಗಿಸಿ ನೋಡಿ; ಹೊಳಪು ಇಳಿದು ಎಲೆಯ ನಿಜಬಣ್ಣ ಏಳುತ್ತದೆ, ತೊರೆಯ ತಳದ ಕಲ್ಲು ಕಾಣುತ್ತದೆ. ನೀಲಿ ಆಕಾಶಕ್ಕೆ ಬಳಸುವಾಗ ಅದರ ಪರಿಣಾಮ ಸೂರ್ಯನಿಗೆ ಲಂಬವಾದ ದಿಕ್ಕಿನಲ್ಲಿ ಹೆಚ್ಚು, ಉಳಿದೆಡೆ ಕಡಿಮೆ. ಹಾಗಾಗಿ ಅತಿ ವೈಡ್ ಲೆನ್ಸಿನಲ್ಲಿ ಆಕಾಶ ಅರ್ಧ ಗಾಢ, ಅರ್ಧ ತೆಳುವಾಗಿ ಹರುಕಾಗುತ್ತದೆ.

ಎನ್‌ಡಿ ಫಿಲ್ಟರ್ ಬೆಳಕನ್ನು ಕಡಿಮೆ ಮಾಡುವ ಕಪ್ಪು ಗಾಜು. ಹತ್ತು ಸ್ಟಾಪಿನದು ಬೆಳಕನ್ನು ಸಾವಿರ ಪಟ್ಟು ತಗ್ಗಿಸುತ್ತದೆ. 1/30 ಸೆಕೆಂಡಿನ ಎಕ್ಸ್‌ಪೋಷರ್ ಅರ್ಧ ನಿಮಿಷ ದಾಟುತ್ತದೆ. ಜಲಪಾತಕ್ಕೆ ಇದನ್ನು ಹಾಕಿ ನೀರನ್ನು ಹಾಲಿನ ಕೆನೆಯಾಗಿಸುವ ರೂಢಿ ಎಷ್ಟು ಹಬ್ಬಿದೆಯೆಂದರೆ ಎಲ್ಲ ಜಲಪಾತಗಳೂ ಒಂದೇ ಎನಿಸತೊಡಗಿವೆ. ಜೋಗದಲ್ಲಿ ಶರಾವತಿ 253 ಮೀಟರ್ ಧುಮುಕುತ್ತಾಳೆ. ರಾಜಾ ನೇರ ಬೀಳುತ್ತದೆ, ರಾಕೆಟ್ ಚಿಮ್ಮುತ್ತದೆ, ರೋರರ್ ಬಂಡೆಗೆ ಅಪ್ಪಳಿಸಿ ಭೋರ್ಗರೆಯುತ್ತದೆ, ರಾಣಿ ಬಳುಕಿ ಇಳಿಯುತ್ತದೆ. ನಾಲ್ಕರ ಸ್ವಭಾವವೂ ನಾಲ್ಕು ಬಗೆ. ಮೂವತ್ತು ಸೆಕೆಂಡಿನಲ್ಲಿ ಆ ವ್ಯತ್ಯಾಸ ಅಳಿದುಹೋಗುತ್ತದೆ. ಕಾಲು ಸೆಕೆಂಡಿನಿಂದ ಒಂದು ಸೆಕೆಂಡಿನೊಳಗೆ ನೀರಿನ ಎಳೆಗಳು ಉಳಿಯುತ್ತವೆ, ವೇಗವೂ ಕಾಣುತ್ತದೆ. ಅದಕ್ಕೆ ಮೋಡ ಮುಸುಕಿದ ಬೆಳಿಗ್ಗೆ, ಒಂದು ಪೋಲರೈಸರ್, ಕಡಿಮೆ ಐಎಸ್‌ಒ ಸಾಕು. ಎನ್‌ಡಿ ಬೇಕಾಗುವುದು ಕಡಲಿಗೆ, ಓಡುವ ಮೋಡಗಳಿಗೆ.

ಈ ಸಲಕರಣೆಗಳ ದೊಡ್ಡ ಶತ್ರು ನಮ್ಮಲ್ಲಿ ಶಿಲೀಂಧ್ರ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅಂಥ ತೇವದಲ್ಲಿ ಬ್ಯಾಗಿನೊಳಗೆ ಮುಚ್ಚಿಟ್ಟ ಲೆನ್ಸಿನ ಗಾಜಿನ ಮೇಲೆ ಜೇಡರ ಬಲೆಯಂಥ ಎಳೆಗಳು ಹಬ್ಬುತ್ತವೆ, ಅವು ಗಾಜಿನ ಲೇಪನವನ್ನೇ ತಿನ್ನುತ್ತವೆ. ಗಾಳಿಯಾಡದ ಡಬ್ಬ, ಸಿಲಿಕಾ ಜೆಲ್, ಒಳಗೊಂದು ಪುಟ್ಟ ತೇವಮಾಪಕ ಇದ್ದು, ತೇವ ನೂರಕ್ಕೆ 40ರಿಂದ 50ರ ನಡುವೆ ಇದ್ದರೆ ಸಾಕು. ಎಸಿ ಕಾರಿನಿಂದ ಮಂಗಳೂರಿನ ಸೆಖೆಗೆ ಇಳಿದ ಕೂಡಲೇ ಕ್ಯಾಮೆರಾ ಹೊರತೆಗೆಯಬೇಡಿ, ಗಾಜು ಬೆವರುತ್ತದೆ. ಬ್ಯಾಗಿನೊಳಗೇ ಅರ್ಧ ಗಂಟೆ ಬಿಟ್ಟರೆ ಉಷ್ಣ ಹೊಂದಿಕೊಳ್ಳುತ್ತದೆ.

ಬೆಳಕಿನ ಬಗ್ಗೆ ಎರಡೇ ಮಾತು. ರಾಜ್ಯದ ಹಣಕಾಸು ಸಚಿವರೂ ಆಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆಯವರ ಕಪ್ಪು-ಬಿಳುಪು ವನ್ಯಜೀವಿ ಚಿತ್ರಗಳನ್ನು ಇಂದು ನೋಡಿದರೂ ಅವರು ಬಿಸಿಲು-ನೆರಳಿಗಾಗಿ ಕಾದದ್ದು ಕಾಣುತ್ತದೆ. ಸಲಕರಣೆಯ ಪಟ್ಟಿಯಲ್ಲಿ ಯಾರೂ ಬರೆಯದ ಮೊದಲ ವಸ್ತು ಆ ಕಾಯುವಿಕೆ. ಡ್ರೋನಿನ ಬ್ಯಾಟರಿ ಇಪ್ಪತ್ತು ಚಿಲ್ಲರೆ ನಿಮಿಷ ಮಾತ್ರ ಬರುವುದರಿಂದ ಅದಕ್ಕೆ ಕಾಯಲು ಬಾರದು. ಕಾಯುವ ಕೆಲಸ ನೆಲದ ಮೇಲೇ ಮುಗಿದಿರಬೇಕು.

ಆಕಾಶದಿಂದ ಚಿತ್ರ ತೆಗೆಯುವ ಆಸೆ ಹೊಸದಲ್ಲ. ಪ್ಯಾರಿಸ್ಸಿನ ಛಾಯಾಗ್ರಾಹಕ ನಾದಾರ್ 1858ರಲ್ಲಿ ಬಲೂನಿನಿಂದ ತೆಗೆದ. ಆ ಚಿತ್ರ ಉಳಿದಿಲ್ಲ. 1860ರಲ್ಲಿ ಜೇಮ್ಸ್ ವ್ಯಾಲೇಸ್ ಬ್ಲ್ಯಾಕ್ ಬೋಸ್ಟನ್ ನಗರದ ಮೇಲಿಂದ ತೆಗೆದದ್ದು ಉಳಿದಿದೆ. 1888ರಲ್ಲಿ ಆರ್ಥರ್ ಬಟೂ ಎಂಬ ಫ್ರೆಂಚ್ ಛಾಯಾಗ್ರಾಹಕ ಗಾಳಿಪಟಕ್ಕೆ ಕ್ಯಾಮೆರಾ ಕಟ್ಟಿದ. ಇವರೆಲ್ಲರ ಕಷ್ಟವನ್ನು ಕೈಯಗಲದ ಯಂತ್ರವೊಂದು ತೀರಿಸಿಬಿಟ್ಟಿದೆ. ಜಿಪಿಎಸ್, ಕಂಪಾಸ್, ಗಾಳಿಯ ಒತ್ತಡ ಅಳೆಯುವ ಬ್ಯಾರೊಮೀಟರ್, ಕೆಳಮುಖದ ಸಣ್ಣ ಕ್ಯಾಮೆರಾಗಳು ಸೇರಿ ಅದನ್ನು ಗಾಳಿಯಲ್ಲಿ ಕದಲದಂತೆ ಹಿಡಿಯುತ್ತವೆ. ಹಾರಿಸುವುದು ಸುಲಭವಾದಷ್ಟೂ ಹಾರಿಸುವವನಿಗೆ ಅದರ ಒಳಗಿನ ಲೆಕ್ಕಾಚಾರ ಮರೆತುಹೋಗುತ್ತದೆ. ಅಪಘಾತಗಳ ಮೂಲ ಹೆಚ್ಚಾಗಿ ಈ ಮರೆವಿನಲ್ಲೇ ಇರುತ್ತದೆ.

ಎತ್ತರವನ್ನೇ ನೋಡಿ. ಪರದೆಯ ಮೇಲೆ ಕಾಣುವ ಎತ್ತರ ಡ್ರೋನ್ ಎದ್ದ ಜಾಗದಿಂದ ಅಳೆದದ್ದು, ಅದರ ಕೆಳಗಿರುವ ನೆಲದಿಂದಲ್ಲ. ಕಣಿವೆಯಂಚಿನಿಂದ ಎಬ್ಬಿಸಿ ಸಮಮಟ್ಟದಲ್ಲಿ ಮುಂದಕ್ಕೆ ಬಿಟ್ಟರೆ ಪರದೆ 10 ಮೀಟರ್ ಎನ್ನುತ್ತಿರುತ್ತದೆ, ಕೆಳಗೆ ನೆಲ 250 ಮೀಟರ್ ಆಳದಲ್ಲಿರುತ್ತದೆ. ಕಾನೂನಿನ 120 ಮೀಟರ್ ಮಿತಿ ಆಗಲೇ ದಾಟಿಹೋಗಿರುತ್ತದೆ. ಇದರ ತಿರುಗುಮುರುಗು ಇನ್ನೂ ಅಪಾಯ. ಕಣಿವೆಯ ತಳದಿಂದ ಎಬ್ಬಿಸಿ, ‘ರಿಟರ್ನ್ ಟು ಹೋಮ್’ ಎತ್ತರವನ್ನು 50 ಮೀಟರಿಗೆ ಇಟ್ಟು, ಗುಡ್ಡದ ಆಚೆಗೆ ಹಾರಿಸಿದಿರೆನ್ನಿ. ಗುಡ್ಡ ಅಡ್ಡ ಬಂದೊಡನೆ ಸಿಗ್ನಲ್ ಕಡಿಯುತ್ತದೆ. ಡ್ರೋನ್ ತಾನಾಗಿ ಮನೆಗೆ ಹೊರಡುತ್ತದೆ, 50 ಮೀಟರಿನಲ್ಲೇ, ನೇರ ಗೆರೆಯಲ್ಲಿ, ಗುಡ್ಡದೊಳಕ್ಕೆ. ಹಾಗಾಗಿ ಸುತ್ತಲಿನ ಅತಿ ಎತ್ತರದ ಮರ, ಗೋಪುರ, ಗುಡ್ಡಕ್ಕಿಂತ ಮೇಲೆ ಆ ಅಂಕಿಯನ್ನು ಪ್ರತಿ ಜಾಗದಲ್ಲೂ ಹೊಸದಾಗಿ ಇಡಬೇಕು. ಇನ್ನೂ ಒಳ್ಳೆಯದು, ಕಣ್ಣಿಗೆ ಕಾಣದಷ್ಟು ದೂರ ಅಥವಾ ಗುಡ್ಡದ ಮರೆಗೆ ಕಳಿಸದಿರುವುದು.

ಹೊನ್ನಾವರದ ಶರಾವತಿ ಅಳಿವೆಯಂಥ ಕಡೆ ದೋಣಿಯಿಂದ ಡ್ರೋನ್ ಎಬ್ಬಿಸುವವರು ಇನ್ನೊಂದು ಬಲೆಗೆ ಬೀಳುತ್ತಾರೆ. ‘ಮನೆ’ ಎಂದು ಯಂತ್ರ ಗುರುತಿಟ್ಟುಕೊಳ್ಳುವುದು ದೋಣಿಯನ್ನಲ್ಲ, ದೋಣಿ ಆಗ ಇದ್ದ ಬಿಂದುವನ್ನು. ಹತ್ತು ನಿಮಿಷದ ನಂತರ ಅಲ್ಲಿ ನೀರು ಮಾತ್ರ ಇರುತ್ತದೆ, ಯಂತ್ರ ವಿಧೇಯವಾಗಿ ಅಲ್ಲಿಗೇ ಇಳಿಯುತ್ತದೆ. ಹರಿಯುವ, ಹೊಳೆಯುವ ನೀರಿನ ಮೇಲೆ ತೀರ ಕೆಳಗೆ ಹಾರಿಸಿದರೆ ಕೆಳಮುಖದ ಸೆನ್ಸರುಗಳೂ ಗಲಿಬಿಲಿಗೊಳ್ಳುತ್ತವೆ, ಚಲಿಸುವ ಅಲೆಯನ್ನೇ ನೆಲವೆಂದು ತಿಳಿದು ಡ್ರೋನ್ ಅದರ ಜೊತೆ ಸರಿಯತೊಡಗುತ್ತದೆ. ಕಂಪಾಸಿನದು ಬೇರೆ ತಕರಾರು. ಕಾರಿನ ಬಾನೆಟ್, ಕಬ್ಬಿಣದ ಸರಳು ತುಂಬಿದ ಆರ್‌ಸಿಸಿ ತಾರಸಿ, ಮ್ಯಾಗ್ನೆಟೈಟ್ ಅದಿರಿರುವ ಬಂಡೆ, ಇವುಗಳ ಮೇಲಿಂದ ಎಬ್ಬಿಸಿದರೆ ದಿಕ್ಕೇ ತಪ್ಪುತ್ತದೆ. ದಿಕ್ಕು ತಪ್ಪಿದ ಡ್ರೋನ್ ಒಂದೆಡೆ ನಿಲ್ಲಲಾರದೆ ದೊಡ್ಡದಾಗುವ ಸುತ್ತುಗಳಲ್ಲಿ ತಿರುಗುತ್ತದೆ.

ಗಾಳಿಯ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡಿದವರು ಮತ್ತೆ ಮರೆಯುವುದಿಲ್ಲ. ಡ್ರೋನಿನ ವೇಗ ಸೆಕೆಂಡಿಗೆ 12 ಮೀಟರ್, ಗಾಳಿಯದು 7 ಮೀಟರ್ ಎಂದಿರಲಿ. ಗಾಳಿಯ ಜೊತೆ ಹೋಗುವಾಗ ಅದು ಸೆಕೆಂಡಿಗೆ 19 ಮೀಟರ್ ಓಡುತ್ತದೆ. ಒಂದು ಕಿಲೋಮೀಟರ್ ದೂರ 53 ಸೆಕೆಂಡಿನಲ್ಲಿ ಮುಗಿಯುತ್ತದೆ. ಹಿಂದಿರುಗುವಾಗ ಉಳಿಯುವುದು ಸೆಕೆಂಡಿಗೆ 5 ಮೀಟರ್; ಅದೇ ದೂರಕ್ಕೆ 200 ಸೆಕೆಂಡ್ ಬೇಕು. ಗಾಳಿ ಸ್ವಲ್ಪ ಏರಿ 12 ಆದರೆ ಎಷ್ಟು ಹೊತ್ತಾದರೂ ಬರಲಾರದು. ಆದ್ದರಿಂದ ಮೊದಲು ಗಾಳಿಗೆ ಎದುರಾಗಿ ಹೋಗಬೇಕು, ಬ್ಯಾಟರಿ ಇಳಿದಾಗ ಗಾಳಿಯೇ ಮನೆಗೆ ತಳ್ಳಬೇಕು. ಕಪ್ಪತಗುಡ್ಡದ ಮೇಲೆ, ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲಾಗಿ ನಿಂತಿರುವುದು ಏಕೆಂದು ನೆನಪಿರಲಿ. ಬೆಟ್ಟದ ಗಾಳಿಮರೆಯ ಮಗ್ಗುಲಲ್ಲಿ ಗಾಳಿ ಸುಳಿಯಾಗಿ ಕೆಳಕ್ಕೆ ಒತ್ತುತ್ತದೆ; ನಾವು ನಿಂತಲ್ಲಿ ಎಲೆ ಅಲುಗದಿದ್ದರೂ ನೂರು ಮೀಟರ್ ಮೇಲೆ ಬೇರೆಯದೇ ಗಾಳಿ ಬೀಸುತ್ತಿರುತ್ತದೆ. ಡಬ್ಬಿಯ ಮೇಲೆ ಬರೆದ ಮೂವತ್ತು ನಿಮಿಷದ ಹಾರಾಟ ಗಾಳಿಯಿಲ್ಲದ ಕಡೆ ಅಳೆದದ್ದು. ಬ್ಯಾಟರಿ ನೂರಕ್ಕೆ 30 ಉಳಿದಾಗ ಡ್ರೋನ್ ತಲೆಯ ಮೇಲಿರಬೇಕು ಎಂಬುದನ್ನು ಕಟ್ಟಳೆಯಾಗಿಟ್ಟುಕೊಂಡರೆ ಹಳಹಳಿಸುವ ಪ್ರಸಂಗ ಕಡಿಮೆ.

ತಂತಿಗಳನ್ನು ಡ್ರೋನಿನ ಸೆನ್ಸರ್ ಕಾಣಲಾರದು. ಅಡಿಕೆ ತೋಟದ ಮೇಲೆ ಹಾದ ವಿದ್ಯುತ್ ತಂತಿ, ಒಣಗಿದ ಮರದ ಸಪೂರ ಕೊಂಬೆ ಎರಡೂ ಅದಕ್ಕೆ ಶೂನ್ಯ. ಹಾರಿಸುವ ಮುನ್ನ ಕಾಲ್ನಡಿಗೆಯಲ್ಲಿ ಒಂದು ಸುತ್ತು ಹಾಕಿ ಕಂಬ, ತಂತಿ ನೋಡಿಕೊಳ್ಳುವುದಕ್ಕೆ ಪರ್ಯಾಯವಿಲ್ಲ. ಒಬ್ಬರು ಪರದೆ ನೋಡುವಾಗ ಇನ್ನೊಬ್ಬರು ಆಕಾಶ ನೋಡುತ್ತಿದ್ದರೆ ಅರ್ಧ ಅಪಾಯ ತಪ್ಪುತ್ತದೆ.

ಇನ್ನು ಕಾನೂನು. ಭಾರತದ ಡ್ರೋನ್ ನಿಯಮಗಳು 2021ರ ಆಗಸ್ಟ್ 25ರಂದು ಜಾರಿಗೆ ಬಂದವು, ಅದಕ್ಕೆ ಮುಂಚಿನ ಕಗ್ಗಂಟಿಗೆ ಹೋಲಿಸಿದರೆ ಇವು ಹವ್ಯಾಸಿಗೆ ಉದಾರವಾಗಿವೆ. 250 ಗ್ರಾಂವರೆಗಿನದು ನ್ಯಾನೋ. ಅದರಿಂದ 2 ಕಿಲೋವರೆಗೆ ಮೈಕ್ರೋ. ವ್ಯಾಪಾರದ ಉದ್ದೇಶವಿಲ್ಲದಿದ್ದರೆ ಈ ಎರಡಕ್ಕೂ ಪೈಲಟ್ ಪ್ರಮಾಣಪತ್ರ ಬೇಡ. ನ್ಯಾನೋಗೆ ಥರ್ಡ್ ಪಾರ್ಟಿ ವಿಮೆಯೂ ಕಡ್ಡಾಯವಲ್ಲ, ಮೈಕ್ರೋಗೆ ಕಡ್ಡಾಯ. ಆದರೆ ನ್ಯಾನೋ ಎಂದು ಕೊಂಡದ್ದು ನ್ಯಾನೋ ಆಗಿಯೇ ಉಳಿಯುತ್ತದೆಂದು ಭಾವಿಸಬೇಡಿ. ತೂಕ ಎಂದರೆ ಹೊತ್ತ ಎಲ್ಲದರ ತೂಕ. 249 ಗ್ರಾಮಿನ ಡ್ರೋನಿಗೆ ದೊಡ್ಡ ಬ್ಯಾಟರಿ ಹಾಕಿದರೆ ಸುಮಾರು 290 ಗ್ರಾಂ ಆಗುತ್ತದೆ; ಪ್ರೊಪೆಲ್ಲರ್ ಕವಚ, ಎನ್‌ಡಿ ಫಿಲ್ಟರ್ ಸೇರಿದರೂ ಗಡಿ ದಾಟುತ್ತದೆ. ಆ ಗಳಿಗೆಯಿಂದ ನಿಯಮವೇ ಬೇರೆ. ನಿಯಮ ಪ್ರತ್ಯೇಕ ವಿನಾಯಿತಿ ಕೊಡದ ಹೊರತು ನೋಂದಣಿ ಸಂಖ್ಯೆಯಿಲ್ಲದೆ ಹಾರಿಸುವಂತಿಲ್ಲ. ನಿಯಮ ಮುರಿದರೆ ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ.

ದೇಶದ ಆಕಾಶವನ್ನು ಹಸಿರು, ಹಳದಿ, ಕೆಂಪು ಎಂದು ವಿಂಗಡಿಸಿದ ನಕ್ಷೆಯೊಂದಿದೆ. ಹಸಿರಿನಲ್ಲಿ 120 ಮೀಟರ್, ಅಂದರೆ 400 ಅಡಿಯವರೆಗೆ ಅನುಮತಿ ಬೇಡ. ವಿಮಾನ ನಿಲ್ದಾಣದ ಎಲ್ಲೆಯಿಂದ 8ರಿಂದ 12 ಕಿಲೋಮೀಟರ್ ನಡುವೆ ಆ ಮಿತಿ 60 ಮೀಟರಿಗೆ ಇಳಿಯುತ್ತದೆ. ಅದರ ಮೇಲೆ ಹಾಗೂ 8 ಕಿಲೋಮೀಟರಿನೊಳಗೆ ಹಳದಿ, ಅಲ್ಲಿ ವಾಯುಸಂಚಾರ ನಿಯಂತ್ರಣದ ಅನುಮತಿ ಬೇಕು. ಕೆಂಪಿಗೆ ಕೇಂದ್ರ ಸರ್ಕಾರವೇ ಒಪ್ಪಬೇಕು. ಎಚ್‌ಎಎಲ್, ಜಕ್ಕೂರು, ಯಲಹಂಕ ವಾಯುನೆಲೆ, ದೇವನಹಳ್ಳಿ ನಾಲ್ಕೂ ಇರುವ ಬೆಂಗಳೂರಿನಲ್ಲಿ ತಾರಸಿಯಿಂದ ಸುಮ್ಮನೆ ಹಾರಿಸಬಹುದಾದ ಜಾಗ ಬಹಳ ಕಡಿಮೆ. 2023ರ ಫೆಬ್ರವರಿಯಲ್ಲಿ ಶಿವಮೊಗ್ಗದ ವಿಮಾನ ನಿಲ್ದಾಣ ಉದ್ಘಾಟನೆಯಾದಂತೆ ಹೊಸ ನಿಲ್ದಾಣ ಬಂದರೆ, ನಿನ್ನೆ ಹಸಿರಾಗಿದ್ದದ್ದು ನಾಳೆ ಬೇರೆ ಬಣ್ಣವಾಗಬಹುದು. ಪೊಲೀಸ್ ವರಿಷ್ಠಾಧಿಕಾರಿ ದರ್ಜೆಯವರು 96 ಗಂಟೆಗಳವರೆಗೆ ತಾತ್ಕಾಲಿಕ ಕೆಂಪು ವಲಯ ಘೋಷಿಸಬಹುದು. ಜಾತ್ರೆ, ಗಣ್ಯರ ಭೇಟಿ, ದಸರೆಯ ದಿನಗಳಲ್ಲಿ ವಿಚಾರಿಸದೆ ಹಾರಿಸುವುದು ತರವಲ್ಲ. ಹಾರಿಸುವ ದಿನವೇ ನಕ್ಷೆ ನೋಡಬೇಕು.

ನಕ್ಷೆ ಹಸಿರಿದ್ದರೂ ನೆಲದ ಒಡೆಯರ ಮಾತು ಉಳಿಯುತ್ತದೆ. ಹಂಪಿ, ಬಾದಾಮಿ, ಪಟ್ಟದಕಲ್ಲಿನ ಸಂರಕ್ಷಿತ ಸ್ಮಾರಕಗಳಲ್ಲಿ ಪುರಾತತ್ವ ಸರ್ವೇಕ್ಷಣೆಯ ಅನುಮತಿ ಬೇಕು. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಲ್ಲಿ ಅರಣ್ಯ ಇಲಾಖೆಯದು. ಕಾರವಾರದ ಕಡಲು ಎಷ್ಟು ಸುಂದರವಾದರೂ ಅಲ್ಲಿ ಕದಂಬ ನೌಕಾನೆಲೆಯಿದೆ, ಒಳನಾಡಿಗೆ ಕೈಗಾ ಅಣುಸ್ಥಾವರವಿದೆ. ಜೋಗದ ಬಳಿ ಲಿಂಗನಮಕ್ಕಿ ಅಣೆಕಟ್ಟು, ವಿದ್ಯುದಾಗಾರಗಳು, ಶರಾವತಿ ಕಣಿವೆಯ ಅಭಯಾರಣ್ಯ ಎಲ್ಲವೂ ಒತ್ತಿಕೊಂಡಿವೆ. ಜೊತೆಗೆ ಪ್ರಪಾತದಿಂದ ಮೇಲೇಳುವ ನೀರಿನ ಹನಿ ಮೋಟಾರಿಗೆ ಒಳ್ಳೆಯದಲ್ಲ. ಈ ಪಟ್ಟಿ ನೋಡಿ ಹತಾಶರಾಗುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಕರ್ನಾಟಕದ ಬಯಲುಸೀಮೆ ಮೇಲಿಂದ ನೋಡಲು ಅದ್ಭುತ ನೆಲ, ಅದರ ಬಹುಪಾಲು ಇನ್ನೂ ಯಾರ ಕ್ಯಾಮೆರಾಕ್ಕೂ ಸರಿಯಾಗಿ ಸಿಕ್ಕಿಲ್ಲ. ಕೋಲಾರದ ಕೆರೆಗಳ ಸರಪಳಿ, ಕೃಷ್ಣೆಯ ಕಡೆಯ ಎರೆಹೊಲದಲ್ಲಿ ಜೋಳ ಮತ್ತು ಕಡಲೆಯ ಪಟ್ಟೆಗಳು, ತುಮಕೂರಿನ ಬಂಡೆಗುಡ್ಡಗಳ ಬುಡದ ತೆಂಗಿನ ತೋಟ. ಅಲ್ಲಿ ರೈತರನ್ನು ಕೇಳಿದರೆ ಅವರೇ ಮುಂದೆ ನಿಂತು ಹೊಲ ತೋರಿಸುತ್ತಾರೆ.

ಈ ಕೇಳುವ ಕೆಲಸ ಮುಖ್ಯ. ಹಳ್ಳಿಯ ಮೇಲೆ ಗುಂಯ್‌ಗುಡುವ ಕಣ್ಣೊಂದು ಕಾಣಿಸಿಕೊಂಡರೆ ಜನ ಅಂಜುವುದು ಸಹಜ. ಹೊಳೆಯ ಮೆಟ್ಟಿಲಲ್ಲಿ ಬಟ್ಟೆ ಒಗೆಯುವವರು, ಮೀಯುವವರು, ಹಿತ್ತಿಲಲ್ಲಿ ಕೂತವರು ಯಾರೂ ಚಿತ್ರಕ್ಕೆ ಒಪ್ಪಿಗೆ ಕೊಟ್ಟಿಲ್ಲ. ಗದ್ದೆಯಲ್ಲಿ ಕಟ್ಟಿದ ಎತ್ತು ಬೆದರಿ ಹಗ್ಗ ಹರಿದರೆ ಆ ಮನೆಗೆ ಆಗುವ ನಷ್ಟ ಡ್ರೋನಿನ ಬೆಲೆಗಿಂತ ದೊಡ್ಡದು. ಜನರ ತಲೆಯ ಮೇಲೆ ಹಾರಿಸಬಾರದು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. 249 ಗ್ರಾಂ ತೂಕ ನೂರು ಮೀಟರಿನಿಂದ ಬಿದ್ದರೆ ತಲೆಯೊಡೆಯಲು ಸಾಕು.

ಪ್ರಾಣಿಗಳ ವಿಷಯದಲ್ಲಿ ನಮ್ಮ ಕಣ್ಣೇ ನಮಗೆ ಮೋಸ ಮಾಡುತ್ತದೆ. 2015ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಕಪ್ಪು ಕರಡಿಗಳ ಮೈಯೊಳಗೆ ಹೃದಯಬಡಿತ ದಾಖಲಿಸುವ ಸಾಧನವಿಟ್ಟು, ಅವುಗಳ ಮೇಲೆ ಡ್ರೋನ್ ಹಾರಿಸಿ ನೋಡಿದ ಅಧ್ಯಯನ ಪ್ರಕಟವಾಯಿತು. ಹೆಚ್ಚಿನ ಕರಡಿಗಳು ಓಡಲಿಲ್ಲ, ಬೆದರಿದಂತೆ ಕಾಣಲೂ ಇಲ್ಲ. ಒಳಗೆ ಮಾತ್ರ ಹೃದಯ ಹಾರುತ್ತಿತ್ತು. ಒಂದರಲ್ಲಂತೂ ಮಾಮೂಲಿಗಿಂತ ನಿಮಿಷಕ್ಕೆ 123 ಬಡಿತ ಹೆಚ್ಚಾಗಿತ್ತು. ‘ಅದು ತಲೆಯೆತ್ತಿಯೂ ನೋಡಲಿಲ್ಲ, ಏನೂ ತೊಂದರೆಯಾಗಿಲ್ಲ’ ಎಂಬ ನಮ್ಮ ಸಮಾಧಾನಕ್ಕೆ ಆಧಾರವಿಲ್ಲ ಎಂದಾಯಿತು. ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ಉದ್ದಕೊಕ್ಕಿನ ರಣಹದ್ದುಗಳಿಗಾಗಿ ಅಭಯಾರಣ್ಯ ಮಾಡಲಾಗಿದೆ. ಬಂಡೆಯ ಸಂದಿನಲ್ಲಿ ಗೂಡು ಕಟ್ಟುವ ಹಕ್ಕಿ ಗೂಡು ಬಿಟ್ಟು ಎದ್ದಿತೆಂದರೆ ಮೊಟ್ಟೆ ಬಿಸಿಲಿಗೆ ಬೀಳುತ್ತದೆ. ಬಂಡೆಗಳ ಚಾಚಿನಡಿ ಹೆಜ್ಜೇನು ತೂಗುವ ಕಡೆ ಹತ್ತಿರ ಹೋಗಲೇಬಾರದು, ಅವು ಎದ್ದರೆ ಕೆಳಗಿನ ಯಾತ್ರಿಕರ ಮೇಲೆರಗುತ್ತವೆ. ಕರಾವಳಿಯಲ್ಲಿ ಗರುಡ, ಊರುಗಳಲ್ಲಿ ಹದ್ದು ಡ್ರೋನಿನ ಮೇಲೆ ಎರಗಿ ಬಂದರೆ ಪೈಪೋಟಿ ಬೇಡ. ಆಕಾಶ ಅದರದ್ದು, ಜಾಗ ಬಿಟ್ಟು ಇಳಿಸಿ.

ಹೊರನಾಡ ಕನ್ನಡಿಗರಿಗೆ ಒಂದು ವಿಶೇಷ ಮಾತು. 2022ರ ಫೆಬ್ರವರಿ 9ರಿಂದ ಭಾರತಕ್ಕೆ ಸಿದ್ಧ ಡ್ರೋನುಗಳ ಆಮದು ನಿಷಿದ್ಧ. ಸಂಶೋಧನೆ, ರಕ್ಷಣೆ, ಭದ್ರತೆಯಂಥ ಕೆಲವಕ್ಕೆ ಮಾತ್ರ ವಿನಾಯಿತಿ. ರಜೆಗೆ ಬರುವಾಗ ಅಪ್ಪ-ಅಮ್ಮನ ತೋಟ ತೆಗೆಯೋಣವೆಂದು ಸೂಟ್‌ಕೇಸಿನಲ್ಲಿ ಒಂದನ್ನು ಇಟ್ಟುಕೊಂಡರೆ ಕಸ್ಟಮ್ಸಿನಲ್ಲಿ ಘೋಷಿಸಬೇಕು, ಅಲ್ಲೇ ತಡೆಯಬಹುದು. ಅಮೆರಿಕದಲ್ಲಿ ಇರುವವರಿಗೆ ಹವ್ಯಾಸಿಗಳ ಉಚಿತ ಟ್ರಸ್ಟ್ ಪರೀಕ್ಷೆ, 250 ಗ್ರಾಂ ಮತ್ತು ಮೇಲಿನವಕ್ಕೆ ನೋಂದಣಿ, 400 ಅಡಿಯ ಮಿತಿ ಇವೆ. ಯೊಸೆಮಿಟಿ, ಗ್ರ್ಯಾಂಡ್ ಕ್ಯಾನ್ಯನ್ ಸೇರಿದಂತೆ ಅಲ್ಲಿನ ರಾಷ್ಟ್ರೀಯ ಉದ್ಯಾನಗಳಲ್ಲಿ 2014ರಿಂದ ಡ್ರೋನ್ ಇಲ್ಲ. ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ 1927ರಲ್ಲಿ ಹಾಫ್ ಡೋಮ್ ಬಂಡೆಯ ಪ್ರಸಿದ್ಧ ಚಿತ್ರವನ್ನು ಗಾಜಿನ ಫಲಕ ಹೊತ್ತು ಹತ್ತಿ, ಕೆಂಪು ಫಿಲ್ಟರ್ ಹಾಕಿ ತೆಗೆದ ನೆಲ ಯೊಸೆಮಿಟಿ. ಇಂದು ಹೋಗುವವರೂ ಹತ್ತಿಯೇ ತೆಗೆಯಬೇಕು, ಅದು ನ್ಯಾಯವೇ.

ಚಿತ್ರದ ದೃಷ್ಟಿಯಿಂದ ಡ್ರೋನಿನ ಮಿತಿಯನ್ನೂ ಹೇಳಬೇಕು. ಫುಲ್ ಫ್ರೇಮ್ ಸೆನ್ಸರಿನ ವಿಸ್ತೀರ್ಣ ಸಣ್ಣ ಡ್ರೋನುಗಳಲ್ಲಿ ಸಾಮಾನ್ಯವಾದ 1/1.3 ಇಂಚಿನ ಸೆನ್ಸರಿಗಿಂತ ಸುಮಾರು ಹನ್ನೆರಡು ಪಟ್ಟು ದೊಡ್ಡದು. ಮುಂಜಾನೆಯ ನೆರಳಿನಲ್ಲಿ ಆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಬೇರೆ ಬೇರೆ ಎಕ್ಸ್‌ಪೋಷರಿನ ಐದು ಚಿತ್ರ ತೆಗೆದು ಬೆಸೆಯುವುದು, ಅಕ್ಕಪಕ್ಕದ ಚಿತ್ರಗಳನ್ನು ಹೊಲಿದು ಪನೋರಮಾ ಮಾಡುವುದು ಇದಕ್ಕೆ ಮದ್ದು. ಹೆಚ್ಚಿನವರು ಎಷ್ಟು ಎತ್ತರಕ್ಕೆ ಬಿಡಬಹುದೋ ಅಷ್ಟಕ್ಕೂ ಬಿಡುತ್ತಾರೆ. 120 ಮೀಟರಿನಿಂದ ನೆಲ ನಕ್ಷೆಯಾಗುತ್ತದೆ; 20ರಿಂದ 40 ಮೀಟರಿನ ನಡುವೆ ಅದಿನ್ನೂ ನೆಲವಾಗಿಯೇ ಇರುತ್ತದೆ, ಮರಕ್ಕೆ ಎತ್ತರವಿರುತ್ತದೆ, ಬದುವಿಗೆ ನೆರಳಿರುತ್ತದೆ. ಬಿಸಿಲು ಓರೆಯಾಗಿರುವ ಮೊದಲ ಗಂಟೆಯಲ್ಲಿ, ಎತ್ತರದ ತೆಂಗಿನ ತಲೆಗಿಂತ ತುಸು ಮೇಲೆ ನಿಂತ ಡ್ರೋನು ಕೊಡುವ ಚಿತ್ರವನ್ನು ಟ್ರೈಪಾಡ್ ಎಂದೂ ಕೊಡಲಾರದು. ಅದಕ್ಕಾಗಿ ಮಾತ್ರ ಅದನ್ನು ಒಯ್ಯುವುದು ಸಾರ್ಥಕ.

ಬ್ಯಾಟರಿಗಳ ವಿಷಯ ಹೇಳದೆ ಬಿಡುವಂತಿಲ್ಲ. ಲಿಥಿಯಂ ಬ್ಯಾಟರಿಗಳನ್ನು ತುಂಬಿಸಿ ವಾರಗಟ್ಟಲೆ ಇಡಬಾರದು, ಪೂರ್ತಿ ಬರಿದು ಮಾಡಿಯೂ ಇಡಬಾರದು. ಅರ್ಧದಷ್ಟು ಇದ್ದರೆ ಒಳಿತು. ಬೇಸಿಗೆಯಲ್ಲಿ ಮುಚ್ಚಿದ ಕಾರಿನೊಳಗೆ ಬಿಟ್ಟುಹೋಗುವುದು ಬೆಂಕಿಗೆ ಆಹ್ವಾನ. ವಿಮಾನದಲ್ಲಿ ಬಿಡಿ ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಸಾಮಾನಿನಲ್ಲಲ್ಲ. 100 ವಾಟ್-ಅವರ್‌ವರೆಗೆ ತಕರಾರಿಲ್ಲ, 160ರವರೆಗೆ ವಿಮಾನ ಕಂಪನಿಯ ಒಪ್ಪಿಗೆ ಬೇಕು. ತುದಿಗಳಿಗೆ ಟೇಪ್ ಅಂಟಿಸಿದರೆ ಶಾರ್ಟ್ ಆಗದು. ಉಬ್ಬಿದ ಬ್ಯಾಟರಿಯನ್ನು ಇನ್ನೊಂದು ಸಲ ಎಂದು ಬಳಸಬೇಡಿ. ಮನೆಯ ಕಸಕ್ಕೂ ಹಾಕದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. ಕಾಡಂಚಿನಲ್ಲಿ ಡ್ರೋನ್ ಬಿದ್ದರೆ, ಕ್ಯಾಮೆರಾ ಒಡೆದು ಉಪಯೋಗಕ್ಕೆ ಬಾರದೆಂದು ಗೊತ್ತಾದರೂ, ಹೋಗಿ ಹುಡುಕಿ ತರಬೇಕು, ಅರಣ್ಯ ಇಲಾಖೆಯ ನೆಲವಾದರೆ ಅವರಿಗೆ ತಿಳಿಸಿ ಅವರ ಜೊತೆಯಲ್ಲೇ ಹೋಗಬೇಕು. ಜಜ್ಜಿದ ಲಿಥಿಯಂ ಬ್ಯಾಟರಿ ಬಿದ್ದ ಎಷ್ಟೋ ಹೊತ್ತಿನ ನಂತರವೂ ಹೊತ್ತಿಕೊಳ್ಳಬಹುದು, ಫೆಬ್ರವರಿ–ಮಾರ್ಚಿನ ಒಣಹುಲ್ಲಿನಲ್ಲಿ ಅದೊಂದು ಕಿಡಿ ಸಾಕು.